ಬೀದರಿಗೆ ಬಂದ ಹಕೀಮರು, ಬೀದರಿನಿಂದ ಹೋದ ಡಾಕ್ಟರರು

ಬೀದರಿನ ಹಳೆಯ ಊರಿನಲ್ಲಿ, ಕೋಟೆಗೆ ಹೋಗುವ ದಾರಿಯಲ್ಲಿ, ಮಹಮೂದ ಗಾವಾನನ ಮದರಸಾ ಇದೆ. 1472ರಲ್ಲಿ ಪೂರ್ಣಗೊಂಡ ಈ ಮೂರಂತಸ್ತಿನ ವಿದ್ಯಾಲಯದ ಮುಂಭಾಗದ ಅರ್ಧ ಮತ್ತು ಒಂದು ಮಿನಾರು 1696ರ ಮದ್ದಿನ ಸ್ಫೋಟದಲ್ಲಿ ಬಿದ್ದುಹೋದವು. ಉಳಿದ ಅರ್ಧದ ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಬಣ್ಣದ ಹೆಂಚುಗಳ ಚೂರುಗಳು ಇನ್ನೂ ಬಿಸಿಲಿಗೆ ಹೊಳೆಯುತ್ತವೆ. ಭಾಲ್ಕಿಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತಂದು, 'ಪರ್ಷಿಯಾ, ಅರಬಸ್ತಾನಗಳಿಂದ ವಿದ್ವಾಂಸರು ನಮ್ಮೂರಿಗೆ ಪಾಠ ಹೇಳಲು ಬರುತ್ತಿದ್ದರು' ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಹಾಗೆ ಬಂದವರಿಗೆ ಇಲ್ಲಿ ನಿಲ್ಲಲು ಯಾರು ಅಪ್ಪಣೆ ಕೊಟ್ಟರು, ಎಷ್ಟು ದಿನಕ್ಕೆ ಕೊಟ್ಟರು, ಅಪ್ಪಣೆ ಕೊಟ್ಟವರ ಮನಸ್ಸು ಮುರಿದಾಗ ಏನಾಯಿತು ಎಂಬ ಪ್ರಶ್ನೆ ನನಗೆ ಆಗ ಹೊಳೆದಿರಲಿಲ್ಲ. ಆ ಪ್ರಶ್ನೆಯನ್ನು ನನ್ನಲ್ಲಿ ಹುಟ್ಟಿಸಿದ್ದು ನಮ್ಮ ಮನೆಯ ಒಂದು ಸಂಗತಿ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಮೊದಲು ಆಸ್ಪತ್ರೆಯ ಮಾತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು 1436ರಿಂದ 1458ರವರೆಗೆ ಬೀದರಿನಲ್ಲಿ ಆಳಿದನು. ಅವನು ರಾಜಧಾನಿಯಲ್ಲಿ ಒಂದು ದಾರುಷ್ಶಿಫಾ, ಎಂದರೆ ಆರೋಗ್ಯಧಾಮ, ಕಟ್ಟಿಸಿದನು. ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕಾಗಿ ಹಳ್ಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟನು. ಮುಸಲ್ಮಾನ ಹಕೀಮರನ್ನೂ ಹಿಂದೂ ವೈದ್ಯರನ್ನೂ ಜೊತೆಯಾಗಿ ನೇಮಿಸಿದನು. ಈ ಸಂಗತಿಯನ್ನು ಬರೆದಿಟ್ಟವನು ಇತಿಹಾಸಕಾರ ಫೆರಿಶ್ತಾ. ಅವನೂ ಪರಸ್ಥಳದವನೇ: ಕ್ಯಾಸ್ಪಿಯನ್ ಸಮುದ್ರದ ಕಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ವಿಜಾಪುರದ ಆಸ್ಥಾನದಲ್ಲಿ ಕುಳಿತು ದಖನ್ನಿನ ಚರಿತ್ರೆಯನ್ನು ಬರೆದವನು.

ಹೀಗೆ ಹೊರಗಿನಿಂದ ಬಂದವರಿಗೆ ಆ ಕಾಲದಲ್ಲಿ ಎರಡು ಹೆಸರುಗಳಿದ್ದವು. ಒಂದು 'ಆಫಾಕಿ', ದಿಗಂತದಾಚೆಯಿಂದ ಬಂದವನು, ಇನ್ನೊಂದು 'ಗರೀಬ್'. ಇಂದು ನಾವು ಬಡವ ಎಂಬ ಅರ್ಥದಲ್ಲಿ ಬಳಸುವ ಈ ಶಬ್ದಕ್ಕೆ ಮೂಲದಲ್ಲಿ ಪರಕೀಯ ಎಂದೇ ಅರ್ಥ. ತನ್ನ ಊರಿಲ್ಲದವನೇ ಬಡವ ಎಂಬುದು ಆ ಭಾಷೆಯ ಅನುಭವವಿರಬೇಕು. ಇವರಿಗೆದುರಾಗಿ ನಿಂತವರು 'ದಖನಿ'ಗಳು, ಇಲ್ಲಿಯೇ ಬೇರು ಬಿಟ್ಟವರು. ಇವರೀರ್ವರ ವೈರವು ಸುಲ್ತಾನರ ಕೃಪೆಯನ್ನು ಅನುಸರಿಸಿ ಏರುತ್ತ ಇಳಿಯುತ್ತ ನಡೆಯಿತು.

ಆಗ ಪಾಸ್‌ಪೋರ್ಟು ಇರಲಿಲ್ಲ, ವೀಸಾ ಇರಲಿಲ್ಲ; ಹಾಗೆಂದು ದಾರಿಯೇನೂ ಸಲೀಸಾಗಿರಲಿಲ್ಲ. 1470ರ ಆಸುಪಾಸಿನಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರಲು ಈ ಸೀಮೆಗೆ ಬಂದನು. ಜುನ್ನರಿನ ಖಾನನು ಕುದುರೆಯನ್ನು ಕಸಿದುಕೊಂಡು, ನಾಲ್ಕು ದಿನಗಳ ಗಡುವು ಕೊಟ್ಟನು: ಧರ್ಮ ಬದಲಿಸಿದರೆ ಕುದುರೆಯೊಡನೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನಿನ ದಂಡ. ಖುರಾಸಾನದ ಒಬ್ಬ ದೊಡ್ಡ ಮನುಷ್ಯ ನಡುವೆ ಬಂದು ಮಾತಾಡಿದ್ದರಿಂದ ನಿಕಿತಿನ್ ಪಾರಾಗಿ ಬೀದರನ್ನು ಸೇರಿದನು. ಶಿಫಾರಸು ಮಾಡುವ ಒಬ್ಬನಿದ್ದರೆ ಬಾಗಿಲು ತೆರೆಯುತ್ತದೆಂಬ ನೀತಿ ಅಂದೂ ಇತ್ತು.

ಮಹಮೂದ ಗಾವಾನನ ಕತೆ ಇದಕ್ಕಿಂತ ಗಂಭೀರವಾದುದು. ಇರಾನಿನ ಗೀಲಾನದವನಾದ ಅವನು 1453ರಲ್ಲಿ ದಾಭೋಳ ಬಂದರಿಗೆ ವ್ಯಾಪಾರಿಯಾಗಿ ಬಂದಿಳಿದನು. ಅವನ ಯೋಗ್ಯತೆಯನ್ನು ಕಂಡು ಸುಲ್ತಾನನು ಅವನನ್ನು ಬೀದರಿನಲ್ಲೇ ಉಳಿಸಿಕೊಂಡನು. ಮುಂದೆ ಅವನು ಪ್ರಧಾನಿಯಾದನು, ರಾಜ್ಯವನ್ನು ಹಿಗ್ಗಿಸಿದನು, ಮದರಸಾ ಕಟ್ಟಿಸಿದನು, ಹೊರನಾಡಿನ ವಿದ್ವಾಂಸರಿಗೆ ಕಾಗದ ಬರೆದು ಬರಹೇಳಿದನು. ಆಫಾಕಿ ಮತ್ತು ದಖನಿಗಳ ನಡುವೆ ಅಧಿಕಾರವನ್ನು ತೂಗಿ ಹಂಚಲು ಯತ್ನಿಸಿದನು. ಆದರೆ ವೈರಿಗಳು ಅವನ ಮೊಹರು ಬಿದ್ದ ಖಾಲಿ ಕಾಗದವೊಂದನ್ನು ಸಂಪಾದಿಸಿ, ಒರಿಸ್ಸಾದ ಅರಸನಿಗೆ ಅವನು ಬರೆದ ದ್ರೋಹದ ಪತ್ರವೆಂಬಂತೆ ಅದನ್ನು ತುಂಬಿದರು. 1481ರ ಏಪ್ರಿಲ್ 5ರಂದು ಸುಲ್ತಾನ ಮೂರನೆಯ ಮುಹಮ್ಮದನ ಅಪ್ಪಣೆಯಂತೆ ಅವನ ತಲೆ ಉರುಳಿತು. ಸುಮಾರು ಮೂವತ್ತು ವರ್ಷದ ಸೇವೆ ಒಂದು ಮೊಹರಿನ ಕಾಗದದೆದುರು ನಿಲ್ಲಲಿಲ್ಲ. ಗಾವಾನನು ಹೋದ ಮೇಲೆ ರಾಜ್ಯವೂ ಬಹುಕಾಲ ಒಂದಾಗಿ ಉಳಿಯಲಿಲ್ಲ.

ಕಾಲ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಬೀದರವು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಾಗ 'ಮುಲ್ಕಿ' ಮತ್ತು 'ಗೈರ್ ಮುಲ್ಕಿ' ಎಂಬ ಹೊಸ ಹೆಸರುಗಳು ಬಂದವು. 1919ರ ಫರ್ಮಾನಿನಂತೆ ಸರಕಾರಿ ನೌಕರಿ ಮುಲ್ಕಿಗಳಿಗೆ ಮೀಸಲು. ಹೊರಗಿನವನು ಮುಲ್ಕಿ ಎನ್ನಿಸಿಕೊಳ್ಳಲು ಸಂಸ್ಥಾನದಲ್ಲಿ ಹದಿನೈದು ವರ್ಷ ಇದ್ದಿರಬೇಕು. ಅಷ್ಟೇ ಸಾಲದು, ಹುಟ್ಟಿದೂರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರ ಬರೆದುಕೊಡಬೇಕು. ಆದರೂ ಅದೇ ಸಂಸ್ಥಾನವು ಬೇಕಾದಾಗ ಹೊರಗಿನವರನ್ನು ಕರೆಯದೆ ಇರಲಿಲ್ಲ. ಈ ಫರ್ಮಾನಿಗೆ ಎಷ್ಟೋ ಮೊದಲು, ಹೈದರಾಬಾದಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಎಂಬ ಆಂಗ್ಲ ವೈದ್ಯರು, 1888 ಮತ್ತು 1889ರಲ್ಲಿ ನಿಜಾಮರ ಹಣದಿಂದಲೇ ಕ್ಲೋರೋಫಾರಂ ಕುರಿತ ಪ್ರಸಿದ್ಧ ಪರೀಕ್ಷೆಗಳನ್ನು ನಡೆಸಿದ್ದರು.

1956ರ ನವೆಂಬರ್ 1ರಂದು ಬೀದರವು ಕನ್ನಡನಾಡನ್ನು ಸೇರಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾನೂನೂ ಬಂದಿತು. ಪರದೇಶದ ವೈದ್ಯರಿಗೆ ಅದರ 14ನೆಯ ಕಲಮು ಮೂರು ಬೇಲಿಗಳನ್ನು ಹಾಕಿತು: ಅವರು ತಮ್ಮ ದೇಶದಲ್ಲಿ ನೋಂದಾಯಿತರಾಗಿರಬೇಕು, ಬೋಧನೆ, ಸಂಶೋಧನೆ ಅಥವಾ ಧರ್ಮಾರ್ಥ ಸೇವೆಗಾಗಿ ತಾವು ಸೇರಿದ ಸಂಸ್ಥೆಯೊಳಗೆ ಮಾತ್ರ ಚಿಕಿತ್ಸೆ ಮಾಡಬೇಕು, ಅದೂ ಸರಕಾರ ಗೊತ್ತುಮಾಡಿದ ಅವಧಿಯವರೆಗೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನು ಹಳೆಯದರ ಸ್ಥಾನಕ್ಕೆ ಬಂದರೂ, ತಾತ್ಕಾಲಿಕ ನೋಂದಣಿಯ ತತ್ತ್ವ ಉಳಿದೇ ಇದೆ. ರೋಗಿಯ ರಕ್ಷಣೆಗಾಗಿ ಇಂಥ ಬೇಲಿ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಬೇಲಿಯ ಆಚೆ ನಿಂತವನ ಮುಖ ಮಾತ್ರ ನನಗೆ ಇತ್ತೀಚಿನವರೆಗೆ ಕಂಡಿರಲಿಲ್ಲ.

ಈಗ ನಮ್ಮ ಮನೆಯ ಸಂಗತಿ. ನನ್ನ ತಂಗಿಯನ್ನು ಔರಾದಿಗೆ ಕೊಟ್ಟಿದೆ. ಔರಾದ್ ನಮ್ಮ ರಾಜ್ಯದ ಉತ್ತರದ ತುತ್ತತುದಿಯ ತಾಲ್ಲೂಕು. ಅವಳ ಮಗ, 2007ರಲ್ಲಿ ಬೀದರಿನಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದಿನ ತರಬೇತಿಗೆ ಅಮೆರಿಕದ ಒಂದು ಬೋಧನಾ ಆಸ್ಪತ್ರೆಗೆ ಹೋದ. ಅಲ್ಲಿ ಇರಲು ಪ್ರತಿ ವರ್ಷವೂ ಕಾಗದ ಹೊಸದಾಗಬೇಕು. ಕಾಗದ ಹೊಸದಾದರೂ ಪಾಸ್‌ಪೋರ್ಟಿನ ಮೇಲಿನ ವೀಸಾದ ಅವಧಿ ಮುಗಿದಿದ್ದರೆ, ಒಮ್ಮೆ ದೇಶ ಬಿಟ್ಟವನು ಮರಳಿ ಒಳಹೋಗಲು ಹೈದರಾಬಾದಿನಂಥ ಊರಿನ ದೂತಾವಾಸದಲ್ಲಿ ಹೊಸ ಮುದ್ರೆ ಹಾಕಿಸಿಕೊಳ್ಳಬೇಕು. ನಮ್ಮ ಭಾವನವರು ತೀರಿಕೊಂಡಾಗ ಹುಡುಗ ಇದೇ ಇಕ್ಕಟ್ಟಿನಲ್ಲಿದ್ದ. ಆಸ್ಪತ್ರೆಯವರು ಕಾಗದವನ್ನು ತಡಮಾಡಿದ್ದರು. ಫೋನಿನಲ್ಲಿ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮಾಮಾ, ಬರಬ್ಯಾಡ ಅಂತ ಯಾರೂ ಅನ್ನಲ್ಲ. ಹೊಳ್ಳಿ ಬರ್ಲಾಕ ಬಿಡ್ತೀವಿ ಅಂತನೂ ಯಾರೂ ಹೇಳಲ್ಲ." ಭಾವನವರಿಗೆ ಮಗನ ಕೈಯ ಮಣ್ಣು ಸಿಗಲಿಲ್ಲ. ಅವನ ಹೆಸರು ಹೇಳಿ ನಾನೇ ಮೂರು ಹಿಡಿ ಹಾಕಿದೆ.

ಆ ದೇಶದ ನಿಯಮದಂತೆ ತರಬೇತಿ ಮುಗಿಸಿದ ಇಂಥ ವೈದ್ಯನು ಎರಡು ವರ್ಷ ತವರಿನಲ್ಲಿ ಇದ್ದು ಬರಬೇಕು. ಕಲಿತ ವಿದ್ಯೆ ತವರಿಗೆ ದಕ್ಕಲಿ ಎಂಬುದು ಇದರ ಉದ್ದೇಶ. ಆದರೆ 1994ರಲ್ಲಿ ಒಂದು ವಿನಾಯಿತಿ ಬಂದಿತು. ವೈದ್ಯರ ಕೊರತೆಯಿರುವ ಅಮೆರಿಕದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ತವರಿಗೆ ಮರಳಬೇಕಾಗಿಲ್ಲ. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಮೊದಲು 20, 2002ರಿಂದ 30 ಮಂದಿಯವರೆಗೆ ಈ ಅವಕಾಶ. ನನ್ನ ಸೋದರಳಿಯ ಆ ದಾರಿಯನ್ನೇ ಹಿಡಿದು, ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಒಕ್ಕಲುಮಕ್ಕಳ ನಾಡಿ ನೋಡಿದ. ಔರಾದಿನ ಹುಡುಗ ಔರಾದಿನಂಥದೇ ಊರಿಗೆ ಹೋದ; ಆ ಊರು ಮಾತ್ರ ಔರಾದಲ್ಲ. ಇತ್ತ ಅವನ ತಾಯಿ ಎದೆನೋವಿನ ಪರೀಕ್ಷೆಗೆ ಇಂದಿಗೂ ಬಸ್ಸು ಹತ್ತಿ ಬೀದರಿಗೆ ಬರುತ್ತಾಳೆ.

ಇದಕ್ಕಾಗಿ ನಾನು ಅವನನ್ನು ದೂರಲಾರೆ. ಗೀಲಾನದ ಯಾವ ತಾಯಿಯೂ ಬೀದರಿನ ಹಕೀಮನಾದ ಮಗನನ್ನು ದೂರದೆ ಇದ್ದಿರಲಾರಳು. ಆ ಹಕೀಮರಿಂದ ಬದುಕಿಕೊಂಡವರು ನಮ್ಮ ಹಿರಿಯರು. ಮದರಸಾದ ಮುಂದೆ ಈಗ ಮಕ್ಕಳನ್ನು ನಿಲ್ಲಿಸಿದರೆ, ಬಂದವರ ಹೆಸರಿನೊಡನೆ, ಅವರು ಬಿಟ್ಟುಬಂದ ಮನೆಗಳ ಮಾತನ್ನೂ ನಾನು ಹೇಳಿಯೇನು.