ಹೊಗಳಿಕೆಯ ವೇಷ, ಮುತ್ತಿನ ಸಾಕ್ಷಿ: ‘ಆಲ್ ಇನ್ ದಿ ಫ್ಯಾಮಿಲಿ’ಯಲ್ಲಿ ಸ್ಯಾಮಿ ಡೇವಿಸ್ ಜೂನಿಯರ್

ಹಾಸ್ಯ ಧಾರಾವಾಹಿಗೆ ಖ್ಯಾತನಾಮರೊಬ್ಬರು ಅತಿಥಿಯಾಗಿ ಬಂದರೆ ಕಥೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ, ಚಪ್ಪಾಳೆ ಬೀಳುತ್ತದೆ, ಅತಿಥಿ ಹೋದ ಮೇಲೆ ಎಲ್ಲವೂ ಯಥಾಪ್ರಕಾರ. 1972ರ ಫೆಬ್ರವರಿ 19ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ‘ಸ್ಯಾಮೀಸ್ ವಿಸಿಟ್’ ಕಂತಿನಲ್ಲಿ ಹಾಗಾಗುವುದಿಲ್ಲ. ಬಿಲ್ ಡಾನಾ ಬರೆದ, ಜಾನ್ ರಿಚ್ ನಿರ್ದೇಶಿಸಿದ ಈ ಕಂತಿನಲ್ಲಿ ಅತಿಥಿಯ ಖ್ಯಾತಿಯೇ ಕಥಾವಸ್ತು. ಕೊನೆಯ ಮುತ್ತಿನಿಂದಾಗಿ ಇದು ಜನರ ನೆನಪಿನಲ್ಲಿ ಉಳಿದಿದೆ. ಆ ಮುತ್ತನ್ನು ಸೌಹಾರ್ದದ ಗುರುತೆಂದು ಓದುವುದು ತಪ್ಪು. ಎರಡರ್ಥಕ್ಕೆ ಎಡೆಕೊಡುವ ಮಾತು ಸೋತಲ್ಲಿ ದೇಹ ಕೊಡುವ ಉತ್ತರ ಅದು ಎಂಬುದು ಈ ಲೇಖನದ ವಾದ.

1. ಮನೆಗೆ ಬಂದ ಅಪವಾದ

ಬಿಬಿಸಿಯ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಧಾರಾವಾಹಿಯನ್ನು ಆಧರಿಸಿ ನಾರ್ಮನ್ ಲಿಯರ್ ರೂಪಿಸಿದ ‘ಆಲ್ ಇನ್ ದಿ ಫ್ಯಾಮಿಲಿ’ 1971ರ ಜನವರಿಯಲ್ಲಿ ಆರಂಭವಾಯಿತು. ಕ್ಯಾರೊಲ್ ಓಕಾನರ್ ಅಭಿನಯಿಸಿದ ಆರ್ಚಿ ಬಂಕರ್ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಬಿಳಿಯ ಕಾರ್ಮಿಕ. ಕಪ್ಪು ಜನರನ್ನೂ ಯಹೂದಿಗಳನ್ನೂ ಹೀಗಳೆಯುವುದು ಅವನಿಗೆ ದಿನನಿತ್ಯದ ಮಾತು. ಇತ್ತ ಸ್ಯಾಮಿ ಡೇವಿಸ್ ಕಪ್ಪು ಗಾಯಕ, ನಟ. ಯಹೂದಿ ಧರ್ಮ ಸ್ವೀಕರಿಸಿದವರು. 1954ರ ಕಾರು ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡವರು. ಈ ಕಂತಿನಲ್ಲಿ ಅವರದು ಸ್ವಂತ ಹೆಸರಿನ ಪಾತ್ರವೇ.

ಗೆಳೆಯನ ಟ್ಯಾಕ್ಸಿ ಓಡಿಸುತ್ತಿದ್ದ ಆರ್ಚಿಯ ಗಾಡಿಯಲ್ಲಿ ಸ್ಯಾಮಿ ಕೈಪೆಟ್ಟಿಗೆ ಮರೆಯುತ್ತಾರೆ. ಅದನ್ನು ಒಯ್ಯಲು ಬಂಕರ್ ಮನೆಗೇ ಬರುತ್ತಾರೆ. ಆರ್ಚಿಗೆ ಹಿಗ್ಗೋ ಹಿಗ್ಗು. ಇಡೀ ಸಮುದಾಯವನ್ನು ಕೀಳೆಂದು ಕಾಣುವವನು ಅದೇ ಸಮುದಾಯದ ತಾರೆಯನ್ನು ಮನೆತುಂಬಿಸಿಕೊಳ್ಳುತ್ತಾನೆ, ಇದರಲ್ಲಿ ಅವನಿಗೆ ವಿರೋಧವೇ ಕಾಣುವುದಿಲ್ಲ. ಪೂರ್ವಗ್ರಹ ಅಪವಾದಗಳನ್ನು ಸಾಕಿಕೊಂಡೇ ಬದುಕುತ್ತದೆ ಎಂಬ ಒಳನೋಟ ಇಲ್ಲಿದೆ. ಕಣ್ಣಿನ ಸುದ್ದಿ ಎತ್ತಬೇಡವೆಂದು ಹೆಂಡತಿ ಈಡಿತ್‌ಗೆ ತಾಕೀತು ಮಾಡಿದ ಆರ್ಚಿಯೇ ಕಾಫಿ ಕೊಡುವಾಗ, ಹಾಲು ಸಕ್ಕರೆ ಕಣ್ಣಿಗೆ ಹಾಕಲೇ ಎಂದು ಬಾಯಿತಪ್ಪಿ ಕೇಳುತ್ತಾನೆ. ಕಪ್ಪಾಗಿ ಹುಟ್ಟಿದ್ದು ನಿಮ್ಮ ಕೈಯಲ್ಲಿರಲಿಲ್ಲ, ಯಹೂದಿ ಯಾಕಾದಿರಿ ಎಂಬ ಪ್ರಶ್ನೆಯನ್ನಂತೂ ಬೇಕೆಂದೇ ಕೇಳುತ್ತಾನೆ.

2. ನಿಂದೆಯ ವ್ಯಾಜ

ನೆರೆಮನೆಯ ಕಪ್ಪು ಯುವಕ ಲಯನಲ್, ಆರ್ಚಿ ಅಂಥ ಕೆಟ್ಟವನಲ್ಲ, ನಿಮ್ಮ ಅಂಗಳದಲ್ಲಿ ಶಿಲುಬೆ ಸುಡುವವನಲ್ಲ ಎನ್ನುತ್ತಾನೆ. ಶಿಲುಬೆ ಸುಡುವುದು ಕು ಕ್ಲಕ್ಸ್ ಕ್ಲಾನ್ ಕಪ್ಪು ಜನರನ್ನು ಬೆದರಿಸುತ್ತಿದ್ದ ಬಗೆ. ಸುಡದಿರಬಹುದು, ಆದರೆ ಉರಿಯುವುದು ಕಂಡರೆ ಅದರಲ್ಲೇ ಮಾರ್ಷ್‌ಮ್ಯಾಲೋ ಮಿಠಾಯಿ ಕಾಯಿಸಿ ತಿಂದಾನು ಎಂಬುದು ಸ್ಯಾಮಿಯ ಉತ್ತರ. ಹಿಂಸೆಗೂ ಹಿಂಸೆಯಿಂದ ಲಾಭ ಪಡೆಯುವ ನೆಮ್ಮದಿಗೂ ಇರುವ ಅಂತರವನ್ನು ಆ ಒಂದು ಮಾತು ಅಳೆದುಬಿಡುತ್ತದೆ.

ನಾನು ಪೂರ್ವಗ್ರಹಿಯೇ ಎಂದು ಆರ್ಚಿ ತೀರ್ಪು ಕೇಳಿದಾಗ ಸ್ಯಾಮಿ ಬೇರೆ ದಾರಿ ಹಿಡಿಯುತ್ತಾರೆ: ಪೂರ್ವಗ್ರಹಿಯಾದವನು ತಾನೇ ಎಲ್ಲರಿಗಿಂತ ಮೇಲೆಂದು ಭಾವಿಸುತ್ತಾನೆ, ನೀವಾದರೋ ಯಾರಿಗಿಂತಲೂ ಮೇಲಲ್ಲ! ನಮ್ಮ ಅಲಂಕಾರಶಾಸ್ತ್ರದ ವ್ಯಾಜಸ್ತುತಿ ಇದು, ಸ್ತುತಿಯ ರೂಪದ ನಿಂದೆ. ಆರ್ಚಿ ಅದನ್ನು ಪ್ರಶಸ್ತಿಯೆಂದೇ ಸ್ವೀಕರಿಸುತ್ತಾನೆ. ವ್ಯಾಜಸ್ತುತಿಯ ಬಲವೂ ಮಿತಿಯೂ ಇದೇ: ಕೇಳಬೇಕಾದವನ ಕಿವಿಗೆ ಅದು ಮುಟ್ಟುವುದಿಲ್ಲ.

3. ಫೋಟೋ ಯಾರದು?

ಹಾಗಾಗಿ ಕೊನೆಗೊಂದು ಫೋಟೋ ಬೇಕಾಗುತ್ತದೆ. ತಾರೆಯ ಪಕ್ಕದಲ್ಲಿ ನಿಂತ ಚಿತ್ರ ಆರ್ಚಿಯ ಪಾಲಿಗೆ ಹೆಮ್ಮೆಯ ದಾಖಲೆ. ಮೂರು ಎಣಿಸುತ್ತಿದ್ದಂತೆ ಸ್ಯಾಮಿ ಅವನ ಕೆನ್ನೆಗೆ ಮುತ್ತಿಡುತ್ತಾರೆ. ಆರ್ಚಿ ಬಯಸಿದ ದಾಖಲೆಯಲ್ಲಿ ಆರ್ಚಿ ಬಯಸದ ಕ್ಷಣವೇ ಉಳಿಯುತ್ತದೆ. ನಾಲ್ಕೇ ವರ್ಷ ಮೊದಲು, 1968ರಲ್ಲಿ, ಎನ್‌ಬಿಸಿಯ ಕಾರ್ಯಕ್ರಮವೊಂದರಲ್ಲಿ ಬಿಳಿಯ ಗಾಯಕಿ ಪೆಟುಲಾ ಕ್ಲಾರ್ಕ್ ಕಪ್ಪು ಗಾಯಕ ಹ್ಯಾರಿ ಬೆಲಾಫಾಂಟೆಯ ತೋಳು ಹಿಡಿದದ್ದಕ್ಕೆ ಪ್ರಾಯೋಜಕರ ಪ್ರತಿನಿಧಿ ಆಕ್ಷೇಪಿಸಿದ್ದರು. ಸ್ಯಾಮಿಯ ಮುತ್ತಿಗೆ ಸ್ಟುಡಿಯೋ ಪ್ರೇಕ್ಷಕರು ನಕ್ಕ ದೀರ್ಘ ನಗೆಯಲ್ಲಿ ಆ ನಿಷೇಧದ ನೆನಪೂ ಸೇರಿದೆ.

ಕಂತು ಪ್ರಸಾರವಾದ 1972ರ ಆಗಸ್ಟಿನಲ್ಲೇ ಮಯಾಮಿಯ ರಿಪಬ್ಲಿಕನ್ ಸಭೆಯೊಂದರಲ್ಲಿ ಸ್ಯಾಮಿ ಅಧ್ಯಕ್ಷ ನಿಕ್ಸನ್‌ರನ್ನು ಅಪ್ಪಿಕೊಂಡರು. ಆ ಅಪ್ಪುಗೆಯ ಚಿತ್ರಕ್ಕಾಗಿ ಕಪ್ಪು ಸಮುದಾಯದಿಂದ ಕಟು ಟೀಕೆ ಕೇಳಬೇಕಾಯಿತು. ಎರಡೂ ಕಡೆ ಇದ್ದದ್ದು ಕ್ಯಾಮರಾ ಎದುರಿನ ಸಲುಗೆಯೇ. ಬಂಕರ್ ಮನೆಯಲ್ಲಿ ಚಿತ್ರದ ಅರ್ಥ ಅತಿಥಿಯ ಕೈಯಲ್ಲಿತ್ತು; ಮಯಾಮಿಯಲ್ಲಿ ಅದು ರಾಜಕೀಯದ ವಶವಾಯಿತು.

4. ನಗುವವರು ಯಾರು?

ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ವೀಕ್ಷಕರು ಆರ್ಚಿಯನ್ನು ಮೆಚ್ಚುವುದೇ ಹೆಚ್ಚು. ಅಂಥ ವೀಕ್ಷಕನಿಗೆ ಸ್ಯಾಮಿಯ ಹೊಗಳಿಕೆ ಆರ್ಚಿಗೆ ಕೇಳಿಸಿದಂತೆಯೇ ಕೇಳಿಸಬಹುದು. ಮುತ್ತನ್ನು ಅತಿಥಿಯ ತುಂಟತನವೆಂದು ತಳ್ಳಿಹಾಕಲೂ ಬಹುದು. ಆದರೆ ಅದನ್ನು ಆರ್ಚಿಯ ಗೆಲುವೆಂದು ಎಣಿಸುವುದು ಕಷ್ಟ, ಏಕೆಂದರೆ ಗಾಬರಿಯಾದದ್ದು ಅವನ ಮುಖ. ಈ ಕಂತಿನ ನಿರ್ದೇಶನಕ್ಕೆ ಜಾನ್ ರಿಚ್‌ಗೆ ಎಮ್ಮಿ ಪ್ರಶಸ್ತಿ ಬಂತು; ಆರ್ಚಿ ಮಾತ್ರ ಮುಂದಿನ ಕಂತಿನಲ್ಲಿ ಅದೇ ಆರ್ಚಿ. ವ್ಯಕ್ತಿಯನ್ನು ತಿದ್ದುತ್ತೇನೆಂಬ ಭರವಸೆ ಕೊಡದೆ ಅವನ ಸ್ವಸಮರ್ಥನೆಯೊಂದನ್ನು ಕಸಿದುಕೊಂಡದ್ದರಲ್ಲಿ ಈ ಅತಿಥಿ ಪಾತ್ರದ ಮಹತ್ವವಿದೆ.