ಕರಿ ಕುರಿಯಿಂದ ಕಂಬಳಿಯವರೆಗೆ

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಿಗೆ ಉಣ್ಣೆಯ ಅವಶ್ಯಕತೆ ಅಪರೂಪ. ಆದರೂ ಕೆಲವರ ಮನೆಗಳಲ್ಲಿ ಊರಿನಿಂದ ತಂದ ಕರಿ ಕಂಬಳಿಯೊಂದು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿರುವುದುಂಟು. ಇದು ಅದರ ಚರಿತ್ರೆ.

ಚಿತ್ರದುರ್ಗ, ಬಳ್ಳಾರಿ, ಹಾವೇರಿ, ಬೆಳಗಾವಿ ಸೀಮೆಗಳ ಒಣಭೂಮಿಯಲ್ಲಿ ಮೇಯುವ ದಖನಿ ಕುರಿಯೇ ಈ ಕಂಬಳಿಯ ಮೂಲ. ವರ್ಷಕ್ಕೆ ಎರಡು ಬಾರಿ, ಕುರಿಗಳನ್ನು ಕೆರೆ ಹಳ್ಳಗಳಲ್ಲಿ ತೊಳೆದು, ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಾರೆ. ಒಂದು ಕುರಿಯಿಂದ ಒಮ್ಮೆಗೆ ಅರ್ಧ ಕಿಲೋ ದೊರೆತರೆ ಹೆಚ್ಚು. ಬಿಡಿಸಿ ಹಿಂಜಿದ ಉಣ್ಣೆಯನ್ನು ಹೆಂಗಸರು ಕದಿರಿನಲ್ಲೋ ರಾಟೆಯಲ್ಲೋ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜವನ್ನು ಅರೆದು ಬೇಯಿಸಿದ ಸರಿಯನ್ನು ಬಳಿದು ಒಣಗಿಸಿ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಕರಿಯ ಬಣ್ಣ ಕುರಿಯ ಮೈಬಣ್ಣವೇ. ಅದಕ್ಕೆ ಬೇರೆ ಬಣ್ಣ ಬೇಕಿಲ್ಲ.

ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು ಕುರುಬ ಸಮುದಾಯದವರು. ಮದುವೆಯಲ್ಲಿ ಉಣ್ಣೆಯ ಕಂಕಣ ಕಟ್ಟುವವರು ಉಣ್ಣೆ ಕಂಕಣದವರು, ಹತ್ತಿಯದನ್ನು ಕಟ್ಟುವವರು ಹತ್ತಿ ಕಂಕಣದವರು. ಒಳಪಂಗಡದ ಹೆಸರೇ ನೂಲಿನಿಂದ ಹುಟ್ಟಿದೆ! 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕಂಬಳಿ ನೇಯ್ಗೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಆತನೂ ವೃತ್ತಿಯಿಂದ ವೈದ್ಯ ಎಂಬುದು ನನಗೆ ಸಂತೋಷದ ಸಂಗತಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸಮಯದಲ್ಲಿ ನಡೆಯುವ ಜಾತ್ರೆಗೆ ಗೊರವರು ಇಂದಿಗೂ ಕಂಬಳಿಯ ನಿಲುವಂಗಿ ತೊಟ್ಟೇ ಬರುತ್ತಾರೆ. ಪೂಜೆಗೆ ಕಂಬಳಿ ಹಾಸಿ ಗದ್ದುಗೆ ಮಾಡುವ ರೂಢಿಯೂ ಇದೆ.

ಒರಟುತನವನ್ನು ತಿದ್ದುವ ಯತ್ನಗಳು ನಡೆಯದೇ ಇರಲಿಲ್ಲ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೆರಿನೊ ಟಗರುಗಳನ್ನು ತರಿಸಿ ಮೈಸೂರು ಕುರಿಗಳೊಡನೆ ತಳಿ ಬೆರೆಸಲಾಯಿತು. ಪ್ರಯೋಗ ಬಹುಕಾಲ ಬಾಳಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಬಿನ್ನಿ ಗಿರಣಿಯೆಂದು ಹೆಸರಾದ ಕಾರ್ಖಾನೆ ಉಣ್ಣೆಯ ಬಟ್ಟೆಯನ್ನೂ ನೇಯ್ದಿತು.

ಕಂಬಳಿ ಚುಚ್ಚುತ್ತದೆ ಎಂಬ ದೂರು ಮಕ್ಕಳದು. ಅದನ್ನು ಅಲರ್ಜಿ ಎನ್ನುವವರಿದ್ದಾರೆ, ಸಾಮಾನ್ಯವಾಗಿ ಹಾಗಲ್ಲ. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಯ ತುದಿ ಬಾಗದೆ ಚರ್ಮದ ನರತುದಿಗಳನ್ನು ಒತ್ತುತ್ತದೆ, ಅಷ್ಟೆ. ಮೆರಿನೊ ಎಳೆ ಅದಕ್ಕಿಂತ ಸಣ್ಣದು, ಆದ್ದರಿಂದ ಮೃದು. ಆದರೆ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ದಿನವಿಡೀ ಬಯಲಿನಲ್ಲಿ ನಿಲ್ಲುವ ಕುರಿಗಾಹಿಗೆ ಬೇಕಾದುದು ಈ ಒರಟು ಉಣ್ಣೆಯೇ. ಅದರ ಜಿಡ್ಡು ನೀರನ್ನು ಜಾರಿಸುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿದರೂ ಉಣ್ಣೆ ಒದ್ದೆಯೆನಿಸದು.

ನಾವಿರುವ ನಾಡಿನಲ್ಲೂ ಇಂಥದೇ ಪರಂಪರೆಯಿದೆ. ಬೆದೂಯಿನ್ ಹೆಂಗಸರು ಕುರಿ, ಆಡು, ಒಂಟೆಗಳ ಕೂದಲನ್ನು ನೂತು, ನೆಲಕ್ಕೆ ಗೂಟ ಹೊಡೆದ ಮಗ್ಗದಲ್ಲಿ ‘ಸದು’ ನೇಯುತ್ತಾರೆ. ಇಲ್ಲಿ ನೂಲುವವರೂ ನೇಯುವವರೂ ಹೆಂಗಸರೇ. 2022ರ ವಿಶ್ವಕಪ್ ಫುಟ್ಬಾಲ್ ಆರಂಭವಾದ ಅಲ್ ಬೈತ್ ಕ್ರೀಡಾಂಗಣದ ರೂಪ ಆ ಕೂದಲಿನ ಡೇರೆಯದೇ. ಯುನೆಸ್ಕೊ 2011ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನ ಸದುವನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ, 2020ರಲ್ಲಿ ಸೌದಿ ಮತ್ತು ಕುವೈತ್‌ಗಳ ಸದುವನ್ನು ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ನಮ್ಮ ಕಂಬಳಿಗೆ ಅಂತಹ ಮನ್ನಣೆ ಬಂದಿಲ್ಲ. ಕುರಿ ಈಗ ಮಾಂಸಕ್ಕಾಗಿ ಸಾಕುವ ಪ್ರಾಣಿ. ಉಣ್ಣೆಯಿಲ್ಲದ, ಬೇಗ ತೂಕ ಬರುವ ತಳಿಗಳು ದಖನಿಯ ಜಾಗವನ್ನು ಆಕ್ರಮಿಸುತ್ತಿವೆ. ಕತ್ತರಿಸಿದ ಕೂಲಿಯೂ ಹುಟ್ಟದ ಉಣ್ಣೆಯನ್ನು ಎಸೆಯುವವರಿದ್ದಾರೆ. ನೂಲುವ ಅಜ್ಜಿಯರು ಹೋದರೆ ಮಗ್ಗಕ್ಕೆ ನೂಲೆಲ್ಲಿಯದು? ನೇಕಾರನಿಗೆ ಸಹಾಯಧನ ಕೊಡುವ ಮಾತು ಆಗಾಗ ಕೇಳಿಬರುತ್ತದೆ. ನೂಲುವವಳ ಕೂಲಿಯ ಮಾತು ಮೊದಲು ಬರಬೇಕೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಕಂಬಳಿಯಿರುವವರು ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಬಿಸಿನೀರು, ತಿಕ್ಕಾಟಗಳಿಂದ ಎಳೆಗಳು ಹೆಣೆದುಕೊಂಡು ಕುಗ್ಗುತ್ತವೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಹರಡಿ ಒಣಗಿಸಿ. ನುಸಿ ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಿ. ಬಿಸಿಲಿಗಂತೂ ಇಲ್ಲಿ ಬರವಿಲ್ಲ.