ಕಾಡುದಾರಿಯಲ್ಲಿ ಸಂಪರ್ಕ: ಬಂಡೀಪುರ, ಮುತ್ತಂಗ, ದಿಂಬಂ ದಾಟುವವರಿಗೆ ಮಾಹಿತಿ

ತಾಳವಾಡಿ, ಗೂಡಲೂರು, ಸುಲ್ತಾನ್ ಬತ್ತೇರಿ ಕಡೆಯ ನಮ್ಮವರು ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಬಹಳ ಸಲ ಕಾಡು ದಾಟಬೇಕಾಗುತ್ತದೆ. ಅಷ್ಟು ಹೊತ್ತು ಫೋನ್ ಸಿಗದಿದ್ದರೆ ಮನೆಯ ಹಿರಿಯರು ಗಾಬರಿಯಾಗುತ್ತಾರೆ. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಸಿಗ್ನಲ್ ಏಕೆ ಸಿಗುವುದಿಲ್ಲ?
ಅರಣ್ಯ ಭೂಮಿಯಲ್ಲಿ ಟವರ್ ಹಾಕಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಹಾಗಾಗಿ ಒಳಕಾಡಿನಲ್ಲಿ ಟವರ್ ವಿರಳ. ಇದ್ದರೂ ಗುಡ್ಡಗಳು ತಡೆಯುತ್ತವೆ, ದಟ್ಟ ಮರಗಳು ಸಿಗ್ನಲ್ ಕುಂದಿಸುತ್ತವೆ.

ಗೇಟಿನ ಸಮಯ
ಬಂಡೀಪುರದೊಳಗೆ ಹೋಗುವ ಊಟಿ ಮತ್ತು ಬತ್ತೇರಿ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸಿಗೆ ತಡೆಯಿಲ್ಲ. 27 ತಿರುವುಗಳ ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ನಿರ್ಬಂಧ ಜಾರಿಯಲ್ಲಿದೆ. ರಾತ್ರಿ ವಯನಾಡಿಗೆ ಹೋಗಲೇಬೇಕಾದವರಿಗೆ ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ ಇದೆ.

ಹೊರಡುವ ಮುನ್ನ
• ಯಾವ ದಾರಿ, ವಾಹನದ ನಂಬರ್ ಯಾವುದು, ಆಚೆ ತಲುಪುವುದು ಎಷ್ಟು ಗಂಟೆಗೆ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ಎಷ್ಟು ಹೊತ್ತು ಕಾದ ಮೇಲೆ ಯಾರಿಗೆ ತಿಳಿಸಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.
• ದಾರಿಯ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಉಪಗ್ರಹ ಸಾಕು, ಇಂಟರ್ನೆಟ್ ಬೇಡ.
• ಮುಖ್ಯ ನಂಬರುಗಳನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಕಾಡಿನೊಳಗೆ
• ಸಿಗ್ನಲ್ ಹುಡುಕುತ್ತಲೇ ಇರುವ ಫೋನಿನ ಬ್ಯಾಟರಿ ಬೇಗ ಮುಗಿಯುತ್ತದೆ. ಚೆಕ್‌ಪೋಸ್ಟ್ ದಾಟಿದೊಡನೆ ಫ್ಲೈಟ್ ಮೋಡ್‌ಗೆ ಹಾಕಿ.
• ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ವಾಟ್ಸಾಪ್ ಬದಲು ಎಸ್‌ಎಂಎಸ್ ಕಳಿಸಿ. ಇಂಟರ್ನೆಟ್ ನಡೆಯದ ಕಡೆಯೂ ಅದು ಹೋಗಬಹುದು.
• ಸಿಗ್ನಲ್ ಹುಡುಕಿಕೊಂಡು ವಾಹನದಿಂದ ಇಳಿಯಬೇಡಿ. ಅದು ಆನೆ, ಹುಲಿಗಳ ಜಾಗ.
• ಸ್ಯಾಟಲೈಟ್ ಫೋನ್ ತರಿಸಿಕೊಳ್ಳುವ ಯೋಚನೆ ಬೇಡ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ.

ತುರ್ತು ಕರೆ
112ಕ್ಕೆ ಮಾಡಿದ ಕರೆ ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಹೋಗಬಹುದು. ಯಾವ ಟವರೂ ಇಲ್ಲದ ಕಡೆ ಅದೂ ಹೋಗದು. ಆಂಬುಲೆನ್ಸಿಗೆ 108 ಮೂರೂ ರಾಜ್ಯಗಳಲ್ಲಿದೆ. ಆದರೆ ಗಡಿಯಲ್ಲಿ ಫೋನ್ ಪಕ್ಕದ ರಾಜ್ಯದ ಟವರ್ ಹಿಡಿದಿರಬಹುದು. ಉತ್ತರಿಸುವವರು ತಮಿಳಿನಲ್ಲೋ ಮಲಯಾಳದಲ್ಲೋ ಮಾತನಾಡಬಹುದು. ಮೊದಲು ರಾಜ್ಯ, ರಸ್ತೆ, ಹತ್ತಿರದ ಮೈಲಿಗಲ್ಲು ಹೇಳಿ, ಆಮೇಲೆ ಏನಾಗಿದೆ ಎಂದು ಹೇಳಿ. ಕರೆ ಹೋಗದಿದ್ದರೆ ಎದುರು ಬರುವ ಬಸ್ಸಿನವರ ಕೈಯಲ್ಲಿ ಚೆಕ್‌ಪೋಸ್ಟಿಗೆ ಸುದ್ದಿ ಕಳಿಸಿ.

ಮನೆಯಲ್ಲಿರುವವರಿಗೆ
ಸಿಗ್ನಲ್ ಹೋದಾಗ ಲೈವ್ ಲೊಕೇಶನ್ ಕೊನೆಯ ಜಾಗದಲ್ಲೇ ನಿಂತಂತೆ ಕಾಣುತ್ತದೆ. ವಾಹನವೇ ನಿಂತಿದೆ ಎಂದು ಅದರ ಅರ್ಥವಲ್ಲ. ಹೇಳಿದ ಗಂಟೆಯವರೆಗೆ ಕಾಯಿರಿ, ಅದು ಮೀರಿದರೆ ಬರೆದುಕೊಟ್ಟವರಿಗೆ ಕೂಡಲೇ ತಿಳಿಸಿ. ಆಚೆ ತಲುಪಿದವರು ಚಹಾಕ್ಕೆ ಕೂರುವ ಮೊದಲೇ ಮನೆಗೊಂದು ಫೋನ್ ಮಾಡಿ.